ಅಮ್ಮನ ಉಸಿರಿಗೆ ಬಿಗಿ ಸ್ಪ್ರಿಂಗ್

ಎರಡು ಚೊಂಬು ನೀರು ಹುಯ್ದುಕೊಂಡರೆ ಮೂರನೆಯದಕ್ಕೆ ನಮ್ಮಮ್ಮ ಅಂಜಿನಮ್ಮನಿಗೆ ಉಸಿರು ಇರುತ್ತಿರಲಿಲ್ಲ. ಬಚ್ಚಲ ಗೋಡೆ ಹಿಡಿದು ಕೂತುಬಿಡುತ್ತಿದ್ದಳು. ಮನೆಯಲ್ಲಿರುವುದು ನಾವಿಬ್ಬರೇ. ಮಗ ನಾನು ಹೇಗೆ ಸ್ನಾನ ಮಾಡಿಸಲಿ? ಪಕ್ಕದ ಮನೆ ಭದ್ರಮ್ಮತ್ತೆ ಬಂದು ನೀರು ಹುಯ್ಯುತ್ತಿದ್ದಳು.

“ಮದ್ವೆ ಹೆಣ್ಣು ಕಣೇ ನೀನು, ಸುಮ್ನೆ ಕೂತ್ಕೋ,” ಎಂದು ಭದ್ರಮ್ಮತ್ತೆ ತಮಾಷೆ ಮಾಡಿದರೂ ಅಮ್ಮ ನಗುತ್ತಿರಲಿಲ್ಲ.

“ಇನ್ನೊಬ್ರ ಮುಂದೆ ಬಟ್ಟೆ ಬಿಚ್ಕಂಡು ಕೂರೋ ಬಾಳು ಬ್ಯಾಡ ಕಣ್ಲಾ ಮುನೀಂದ್ರ,” ಎಂದು ನನ್ನ ಹತ್ತಿರ ಹೇಳಿದಳು. ಆಮೇಲೆ ವಾರಕ್ಕೊಂದೇ ಸ್ನಾನ ಅಂದುಬಿಟ್ಟಳು.

ಮೂವತ್ತು ವರ್ಷ ಸೌದೆ ಒಲೆ ಊದಿ ಕುಡಿದ ಹೊಗೆ. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಎಂದು ಹೊಸೂರಿನ ಡಾಕ್ಟರು ಬಾಯಿಗೆ ಔಷಧಿ ಎಳೆದುಕೊಳ್ಳುವ ಪಂಪು ಕೊಟ್ಟಿದ್ದರು. ಈ ಸಲ ಹೋದಾಗ ಅದೇ ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮ ಕಲಿಸುವ ವೆಂಕಟಲಕ್ಷ್ಮಿ ಮೇಡಂ ಅಂಗೈಯಲ್ಲಿ ಹಿಡಿಸುವ ಒಂದು ಪ್ಲಾಸ್ಟಿಕ್ ಸಾಧನವನ್ನೂ ಕೊಟ್ಟರು. ಒಳಗೆ ಸ್ಪ್ರಿಂಗ್. ಬಾಯಲ್ಲಿಟ್ಟು ಉಸಿರನ್ನು ಒಳಕ್ಕೆಳೆಯಬೇಕು. ನನಗೆ ಶಿಫ್ಟಿಗೆ ಹೊತ್ತಾಗಿತ್ತು, ಅರ್ಧ ಕೇಳಿಸಿಕೊಂಡು ಬಂದೆ.

ಮನೆಯಲ್ಲಿ ಅಮ್ಮ ಎಳೆದಳು. ಮುಖವೆಲ್ಲ ಬೆವರಿತು.

“ಗಾಳೀನೇ ಬತ್ತಿಲ್ಲ ಕಣ್ಲಾ. ಕೆಟ್ಟೋಗೈತೆ ಇದು.”

ನನಗೆ ಮೈ ಉರಿಯಿತು. ಎಂಟನೇ ಕ್ಲಾಸಿಗೆ ಓದು ಬಿಟ್ಟವನು ನಾನು, ಆದರೆ ಆರು ವರ್ಷದಿಂದ ಗಾಡಿ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಸ್ಪ್ರಿಂಗ್ ನೋಡುತ್ತಿದ್ದೇನೆ. ಒತ್ತಿದರೆ ಅಲುಗದ ಸ್ಪ್ರಿಂಗನ್ನು ರಿಜೆಕ್ಟ್ ಡಬ್ಬಕ್ಕೆ ಎಸೆಯುವುದೇ ನನ್ನ ಕೆಲಸ. ಸಾಧನ ಬಿಚ್ಚಿ ಸ್ಪ್ರಿಂಗನ್ನು ಎರಡು ಸುತ್ತು ಕತ್ತರಿಸಿದೆ. ಗಾಳಿ ಸಲೀಸಾಗಿ ಬಂತು. ಅಮ್ಮ ಹದಿನೈದು ದಿನ ಎಳೆದಳು. ಬಚ್ಚಲಲ್ಲಿ ಮಾತ್ರ ಅದೇ ಗೋಡೆ, ಅದೇ ಕೂರುವುದು.

ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಜಗಳಕ್ಕೇ ಹೋದೆ.

“ಉಸಿರು ಸಾಲ್ದೋರಿಗೆ ಉಸಿರು ಕಟ್ಟೋ ಸಾಮಾನು ಕೊಡ್ತೀರಲ್ಲ ಮೇಡಂ, ಬಡವ್ರಿಗೆ ಏನ್ ಕೊಟ್ರೂ ನಡೀತದಾ?”

ಮೇಡಂ ಸಾಧನ ತಿರುಗಿಸಿ ನೋಡಿದರು. “ಸ್ಪ್ರಿಂಗ್ ಯಾರಣ್ಣ ಕತ್ತರಿಸಿದ್ದು?”

“ನಾನೇ. ಟೈಟಿತ್ತು.”

“ಟೈಟಿರ್ಲಿ ಅಂತ್ಲೇ ಕೊಟ್ಟಿದ್ದು.”

ನನಗೆ ತಲೆಬುಡ ತಿಳಿಯಲಿಲ್ಲ. “ಹೋದ ತಿಂಗ್ಳು ಪರೀಕ್ಷೇಲಿ ಊದಮ್ಮ, ಜೋರಾಗಿ ಊದಮ್ಮ ಅಂದ್ರಿ. ಈಗ ಎಳೀಬೇಕು ಅಂತೀರಿ. ಅದ್ರ ಮೇಲೆ ಬಿಗಿ ಬೇರೆ. ಯಾವ್ದನ್ನ ನಂಬ್ಲಿ?”

“ಊದಿಸಿದ್ದು ಕಾಯಿಲೆ ಎಷ್ಟೈತೆ ಅಂತ ನೋಡಕ್ಕೆ. ಇದು ಉಸಿರೆಳೆಯೋ ಸ್ನಾಯುಗೆ ಕೆಲ್ಸ ಕೊಡಕ್ಕೆ. ಫ್ಯಾಕ್ಟರಿಗೆ ಸೇರಿದ ಮೊದಲನೇ ವಾರ ನಿಮ್ ತೋಳು ನೋಯ್ಲಿಲ್ವಾ?”

“ನೋಯ್ತು.”

“ಖಾಲಿ ಕ್ರೇಟ್ ಎತ್ಕಂಡಿದ್ರೆ ತೋಳಿಗೆ ಬಲ ಬತ್ತಿತ್ತಾ?”

ನನಗಿಂತ ಮೊದಲು ಅಮ್ಮ ಹೇಳಿದಳು: “ಹದಿನೈದು ದಿನ ನನ್ ಕೈಲಿ ಖಾಲಿ ಕ್ರೇಟ್ ಎತ್ಸವ್ನೆ ನೋಡಮ್ಮ ನನ್ ಮಗ.”

ಮೇಡಂ ಬೇರೆ ಸಾಧನ ಕೊಟ್ಟರು. ಅಮ್ಮನ ಶಕ್ತಿ ಅಳೆದು ಬಿಗಿಯನ್ನು ಮೊದಲು ಕಡಿಮೆ ಇಟ್ಟರು. ನೆಟ್ಟಗೆ ಕೂತು ಜೋರಾಗಿ ಎಳೆದು, ನಿಧಾನ ಬಿಡಬೇಕು. ಬೆಳಿಗ್ಗೆ ಮೂವತ್ತು ಸಲ, ಸಂಜೆ ಮೂವತ್ತು. ಸುಸ್ತಾದರೆ ನಡುವೆ ವಿಶ್ರಾಂತಿ. ತಲೆ ಸುತ್ತಿದರೆ, ಎದೆ ನೋವಾದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು. ಪಂಪು ಬಿಡಬಾರದು.

“ಬಿಗಿ ಏರ್ಸೋದು ನಾನು. ನೀವು ಕೈ ಹಾಕ್ಬ್ಯಾಡಿ ಅಣ್ಣ,” ಎಂದರು.

ಮೇಡಂ ಆಗಾಗ ಬಿಗಿ ಏರಿಸುತ್ತ ಎರಡು ತಿಂಗಳಾಯಿತು. ಒಂದು ಬೆಳಿಗ್ಗೆ ಭದ್ರಮ್ಮತ್ತೆ ಬಂದರೆ ಬಚ್ಚಲ ಬಾಗಿಲಿಗೆ ಒಳಗಿಂದ ಚಿಲಕ.

“ತೆಗಿಯೇ ಅಂಜಿನಮ್ಮ, ನೀರು ಹುಯ್ತೀನಿ.”

“ಹೋಗೇ, ನಿನ್ ಮನೆ ಕೆಲ್ಸ ನೋಡ್ಕೋ.”

ಒಂದು ಚೊಂಬು ಸುರಿದ ಸದ್ದು. ಎರಡು. ಆಮೇಲೆ ಸದ್ದೇ ಇಲ್ಲ. ನಾನು ಬಾಗಿಲಿಗೆ ಕೈ ಇಟ್ಟೆ. ಭದ್ರಮ್ಮತ್ತೆ ನನ್ನ ಕೈ ಹಿಡಿದುಕೊಂಡಳು. ಮೂರನೆಯದು ಬಿತ್ತು. ನಾಲ್ಕನೆಯದೂ ಬಿತ್ತು.

ಕಾಯಿಲೆ ಹೋಗಿಲ್ಲ. ದಿಣ್ಣೆ ಹತ್ತಿದರೆ ಅಮ್ಮನಿಗೆ ಈಗಲೂ ಏದುಸಿರು. ಬಿಗಿ ಮಾಡಿದರೆ ಉಸಿರು ಹೇಗೆ ಸಲೀಸಾಗುತ್ತದೆ ಎಂದು ಕೇಳಿದರೆ ನಾನು ಇನ್ನೂ ತಡವರಿಸುತ್ತೇನೆ. ನನಗೆ ಸಿಟ್ಟಿರುವುದು ಒಂದಕ್ಕೇ: ನಾನು ನಿಂತು ಪೂರ್ತಿ ಕೇಳಲಿಲ್ಲ, ಅಮ್ಮನ ಆ ಹದಿನೈದು ದಿನ ಹಾಳಾಯಿತು. ನಿಮ್ಮ ಮನೆಯಲ್ಲೂ ಹೀಗೆ ಏದುಸಿರು ಬಿಡುವವರು ಇದ್ದಾರಾ? ಮೂಲೆಯಲ್ಲಿ ಕೂರಿಸಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಈ ವ್ಯಾಯಾಮ ಇವರಿಗೆ ಆಗುತ್ತದಾ ಎಂದು ಕೇಳಿ. ಅರ್ಥವಾಗದಿದ್ದರೆ ಹತ್ತು ಸಲ ಕೇಳಿ, ನಾಚಿಕೆ ಬೇಡ. ಶಿಫ್ಟಿಗೆ ತಡವಾದರೆ ಆಗಲಿ.