ರಕ್ತ, ಬೆಂಕಿ, ಕಾಣೆ, ಪೊಲೀಸ್

‘ಸ್ವಾಮಿ’ ಮೊದಲು ಬರಬೇಕೋ, ಕೊನೆಗೆ ಬರಬೇಕೋ? ‘ಸ್ವಾಮಿ, ಮಗೂನ ಕರ್ಕೊಂಡು ಹೋಗ್ಬೇಡಿ’ ಎಂದರೆ ಆ ಮನುಷ್ಯ ಮೊದಲ ಮಾತಿಗೇ ಉಬ್ಬಿಹೋಗಿ ಉಳಿದದ್ದನ್ನು ಕೇಳಿಸಿಕೊಳ್ಳದೆ ಇರಬಹುದು. ‘ಮಗೂನ ಕರ್ಕೊಂಡು ಹೋಗ್ಬೇಡಿ ಸ್ವಾಮಿ’ ಎಂದರೆ, ಸ್ವಾಮಿ ಬರುವಷ್ಟರಲ್ಲಿ ಅವನ ಮುಖ ಕೆಂಪಾಗಿರುತ್ತದೆ. ಎರಡೂ ಕಡೆ ಹಾಕಿದರೆ? ಎರಡು ತುದಿಗೆ ಕ್ಲಿಪ್ಪು ಹಾಕಿದ ಒದ್ದೆ ಬಟ್ಟೆಯ ಹಾಗೆ ಮಾತು ನಡುವೆ ಜೋತುಬಿದ್ದೀತು.

ಬೆಳಿಗ್ಗೆಯಿಂದ ಅವನು ಈ ಮಾತನ್ನೇ ಮಡಿಸುತ್ತಿದ್ದ, ಬಿಚ್ಚುತ್ತಿದ್ದ. ಕೈಗಳು ಮಾತ್ರ ತಮ್ಮ ಪಾಡಿಗೆ ತಾವು ಆಸ್ಪತ್ರೆಯ ಬೆಡ್‌ಶೀಟುಗಳನ್ನು ಲಾಂಡ್ರಿಯ ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಗೆ ಕೊಡುತ್ತಿದ್ದವು.

“ಯಾರ ಹತ್ರ ಮಾತಾಡ್ತಿದೀಯೋ?” ಬಾಯ್ಲರಿನವನು ಆ ಮೂಲೆಯಿಂದ ಕೂಗಿದ. “ಹೆಂಡ್ತಿಗೆ ಹೇಳೋಕಾಗದ್ದನ್ನ ಬೆಡ್‌ಶೀಟಿಗೆ ಹೇಳ್ತಿದೀಯಾ?”

“ಮಕ್ಕಳ ಕಚೇರಿಯವನು ಬರ್ತಾನಂತೆ ಇವತ್ತು.”

“ಬರ್ಲಿ ಬಿಡು. ಅವನನ್ನೂ ಉರುಳೆಗೆ ಕೊಡು. ಸುಕ್ಕು ಹೋಗುತ್ತೆ.”

ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಬೇರೆ ಮನೆಗಳಿಗೆ ಸಾಕಲು ಕೊಡುವ ಕಚೇರಿ ಅದು. ಈ ಗಂಡಹೆಂಡತಿಗೆ ಏಳು ವರ್ಷದ ಹುಡುಗಿಯನ್ನು ಒಪ್ಪಿಸುವಾಗ ಅಲ್ಲಿ ತರಬೇತಿ ಕೊಟ್ಟಿದ್ದರು. ರಕ್ತ, ಬೆಂಕಿ, ಕಾಣೆ, ಪೊಲೀಸ್. ಮಗುವಿನ ವಿಷಯದಲ್ಲಿ ಇವುಗಳಲ್ಲಿ ಯಾವುದು ಬಂದರೂ ಅದು ಗಂಭೀರ ಘಟನೆ. ಕೂಡಲೇ ಮೇಲ್ವಿಚಾರಕನಿಗೆ ಫೋನ್ ಮಾಡಿ ಬರೆಸಬೇಕು. ಅವನು ಎತ್ತದಿದ್ದರೆ ಕರೆ ತಾನಾಗಿಯೇ ಮೇಲಿನ ಕಚೇರಿಗೆ ಹೋಗುತ್ತದೆ, ಅಲ್ಲಿ ಆಡಿದ ಮಾತೆಲ್ಲ ಧ್ವನಿಮುದ್ರಣವಾಗುತ್ತದೆ. ಮುಚ್ಚಿಟ್ಟರೆ ಮಗು ವಾಪಸ್.

ಇಬ್ಬರೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಹಾಗಾಗಿ ಹುಡುಗಿಯ ಹಾಲುಹಲ್ಲು ಬಿದ್ದಾಗ ಫೋನ್ ಮಾಡಿದರು: ರಕ್ತ. ಕೊಳೆಬಟ್ಟೆಯ ತಳ್ಳುಗಾಡಿಯೊಳಗೆ ಬಚ್ಚಿಟ್ಟುಕೊಂಡವಳು ಅಲ್ಲೇ ನಿದ್ದೆಹೋದಾಗ ಫೋನ್ ಮಾಡಿದರು: ಕಾಣೆ. ತಾನೇ ಬ್ರೆಡ್ಡು ಸುಡುತ್ತೇನೆಂದು ಹೋಗಿ ಅದನ್ನು ಪಂಜು ಮಾಡಿದಾಗ: ಬೆಂಕಿ. ರಸ್ತೆ ದಾಟಿಸಿದ ಪೊಲೀಸಿನವನ ಟೋಪಿ ಕಿತ್ತು ತಲೆಗೆ ಹಾಕಿಕೊಂಡಾಗ, ಹೆಂಡತಿ ನಗು ತಡೆಯಲಾರದೆ ಬಿಕ್ಕುತ್ತ, ಅದನ್ನೂ ಬರೆಸಿದಳು.

ಬಂದ ಹೊಸದರಲ್ಲಿ ಈ ಹುಡುಗಿ ನೀರು ಕುಡಿಯುವುದಕ್ಕೂ ಅಪ್ಪಣೆ ಕೇಳುತ್ತಿದ್ದಳು. ಈಗ ಕೈ ಚಾಚಿ ನಿಂತಲ್ಲೇ ಗಿರಗಿರ ಸುತ್ತುವುದು, ತಲೆ ತಿರುಗಿ ಬಟ್ಟೆಯ ರಾಶಿಯ ಮೇಲೆ ಬೀಳುವುದು, ಬಿದ್ದು ನಗುವುದು, ಇದೇ ಅವಳ ಕಸುಬು. ಲಾಂಡ್ರಿಯವರೆಲ್ಲ ಅವಳನ್ನು ಗಿರಗಿಟ್ಲೆ ಎನ್ನುತ್ತಿದ್ದರು.

ಮೇಲ್ವಿಚಾರಕ ಬಂದದ್ದು ಮಧ್ಯಾಹ್ನ. ಮನೆಯೆಂದರೆ ಇಸ್ತ್ರಿ ಶೆಡ್ಡಿನ ಬೆನ್ನಿಗಿದ್ದ ಒಂದೇ ಕೋಣೆ. ಅದರ ಕಿಟಕಿ ಶೆಡ್ಡಿಗೇ ತೆರೆಯುತ್ತಿತ್ತು. ಅವನು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ, ಕರವಸ್ತ್ರವನ್ನು ಮೂಸಿ ನೋಡಿ, ಕೂತ.

“ಏನಯ್ಯಾ, ನಿಮಗೇನು ತಲೆ ನೆಟ್ಟಗಿದೆಯಾ? ಹಲ್ಲು ಬಿತ್ತು ಅಂತ ಫೋನು. ಬ್ರೆಡ್ಡು ಸೀದುಹೋಯ್ತು ಅಂತ ಫೋನು. ನಾಳೆ ಹುಡುಗಿ ಹೂಸು ಬಿಟ್ರೂ ಬರ್ಕೋಬೇಕಾ ನಾನು?”

“ಅದು ಆ ನಾಲ್ಕರಲ್ಲಿ ಬರಲ್ವಲ್ಲ ಸ್ವಾಮಿ,” ಎಂದಳು ಹೆಂಡತಿ.

ಕಿಟಕಿಯಾಚೆ ಬಾಯ್ಲರಿನವನು ಕೆಮ್ಮಿದ. ಅದು ಕೆಮ್ಮಾಗಿರಲಿಲ್ಲ.

“ಬಾಯಿ ಮುಚ್ಚೇ. ವರ್ಷ ಪೂರ್ತಿ ನಮ್ಮ ಕಡೆ ಗಂಭೀರ ಘಟನೆ ಸೊನ್ನೆ ಅಂತ ಕಳಿಸ್ತಾ ಬಂದಿದೀನಿ. ಎಂಥೆಂಥದನ್ನೋ ನುಂಗ್ಕೊಂಡು ಕೂತಿದೀನಿ. ನಾನು ಸ್ನಾನಕ್ಕೆ ಹೋದಾಗ ನೀನು ಫೋನ್ ಮಾಡಿದೀಯ, ಅದು ನೆಟ್ಟಗೆ ಮೇಲಕ್ಕೆ ಹೋಗಿದೆ. ಪೊಲೀಸ್ ಅಂತೆ, ಟೋಪಿ ಅಂತೆ. ಮೇಲಿನವರು ನನ್ನನ್ನ ನಿಲ್ಲಿಸ್ಕೊಂಡು ಉಗಿದ್ರು. ಊರಿನ ಕೊಳೆ ತೊಳೆಯೋರ ಕೈಗೆ ಮಗು ಕೊಟ್ರೆ ಇನ್ನೇನಾಗುತ್ತೆ?”

ಎಂಥೆಂಥದನ್ನು ನುಂಗಿದ್ದಾನೆ? ಯಾವ ಮನೆಗಳ ಯಾವ ಮಕ್ಕಳದು? ಗಂಡನ ತಲೆಯಲ್ಲಿ ಈ ಪ್ರಶ್ನೆ ಎದ್ದು ಅಲ್ಲೇ ಕೂತಿತು. ಗಂಟಲಿನಲ್ಲಿ ಆಗಲೇ ಒಂದು ವಾಕ್ಯ ನಿಂತಿತ್ತಲ್ಲ, ಎರಡನೆಯದಕ್ಕೆ ಜಾಗವಿರಲಿಲ್ಲ. ಅವನು ಕೈ ಜೋಡಿಸಿದ. ಈಗ ಹೇಳಬೇಕು. ಸ್ವಾಮಿ ಮೊದಲು.

ಅಷ್ಟರಲ್ಲಿ ಗಿರಗಿಟ್ಲೆ ಶೆಡ್ಡಿನಿಂದ ಸುತ್ತುತ್ತಲೇ ಒಳಗೆ ಬಂದಳು. ದಿಂಬಿನ ಚೀಲವೊಂದನ್ನು ತಲೆಗೆ ಹಾಕಿಕೊಂಡಿದ್ದಳು. ಏನೂ ಕಾಣದೆ ಮೇಜಿಗೆ ಬಡಿದಳು. ಅತಿಥಿಗೆಂದು ಇಟ್ಟಿದ್ದ ಚಹಾ ಅವನ ಪ್ಯಾಂಟಿನ ಮೇಲೆ, ಎಲ್ಲಿ ಬೀಳಬಾರದೋ ಸರಿಯಾಗಿ ಅಲ್ಲೇ, ಚೆಲ್ಲಿತು.

“ಅಯ್ಯೋ ಅತ್ತೆ, ಈ ಕುರ್ಚಿ ಮಾವ ಉಚ್ಚೆ ಮಾಡ್ಕೊಂಡ,” ಎಂದಳು ಹುಡುಗಿ ಚೀಲ ತೆಗೆದು.

ಮೇಲ್ವಿಚಾರಕ ಎದ್ದವನೇ ಕೆನ್ನೆಗೆ ಬಾರಿಸಿದ. ಬೆರಳಿನ ಉಂಗುರದ ಅಂಚು ಕಿವಿಗೆ ತಾಗಿತು. ಹುಡುಗಿ ಅಳಲಿಲ್ಲ. ನಿಂತಳು, ಅಷ್ಟೆ. ತಿರುಗುವುದನ್ನು ನಿಲ್ಲಿಸಿದ ಮೇಲೂ ತಿರುಗುವ ಕಣ್ಣುಗಳು ಅವತ್ತು ತಿರುಗಲಿಲ್ಲ. ಕಿವಿಯಿಂದ ಕೆಂಪು ಗೆರೆಯೊಂದು ಇಳಿದು ಬಿಳಿ ದಿಂಬಿನ ಚೀಲದ ಮೇಲೆ ತೊಟ್ಟಿಕ್ಕಿತು.

“ಏನೂ ಆಗಿಲ್ಲ,” ಎಂದ ಅವನು, ಪ್ಯಾಂಟು ಕೊಡವುತ್ತ. “ಚಿಕ್ಕ ಗಾಯ. ಇದನ್ನೇನೂ ಬರೆಸ್ಬೇಕಾಗಿಲ್ಲ. ಬರೆಸಿದ್ರೋ, ನಾಳೆ ಬೆಳಿಗ್ಗೆ ಹುಡುಗಿ ಬೇರೆ ಮನೇಲಿರ್ತಾಳೆ. ತಿಳೀತಾ?”

ಹೆಂಡತಿ ಹುಡುಗಿಯ ಕಿವಿಗೆ ಸೆರಗೊತ್ತಿದಳು. ಇನ್ನೊಂದು ಕೈಯಲ್ಲಿ ಫೋನು ತೆಗೆದು ಒತ್ತಿದಳು.

ಮೇಲ್ವಿಚಾರಕನ ಜೇಬು ಹಾಡತೊಡಗಿತು.

ಅದು ಮದುವೆ ಮೆರವಣಿಗೆಯಲ್ಲಿ ಬಾರಿಸುವಂಥ ಕುಣಿತದ ರಾಗ. ಅವನು ಜೇಬಿನ ಮೇಲೆ ಕೈಯಿಟ್ಟು ಒತ್ತಿದ. ರಾಗ ಕೈಯಡಿಯಿಂದ ಇನ್ನಷ್ಟು ಕುಣಿಯಿತು. ಎತ್ತದಿದ್ದರೆ ಮೇಲಕ್ಕೆ ಹೋಗುತ್ತದೆ. ಎತ್ತಿದ.

“ಹಲೋ,” ಎಂದಳು ಹೆಂಡತಿ, ಎರಡು ಹೆಜ್ಜೆ ಆಚೆಯಿಂದ. “ಗಂಭೀರ ಘಟನೆ ಬರೆಸ್ಬೇಕು ಸ್ವಾಮಿ. ರಕ್ತ.”

“ಲೇ, ಎದುರಿಗೇ ಇದೀನಲ್ಲೇ.”

“ಎದುರಿಗೆ ಹೇಳಿದ್ರೆ ಲೆಕ್ಕಕ್ಕಿಲ್ಲ, ಫೋನಲ್ಲೇ ಹೇಳ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ದು. ಬರ್ಕೊಳ್ಳಿ. ಹೊಡೆದೋರು ಕುರ್ಚಿ ಒರೆಸ್ಕೊಂಡು ಕೂತಿದ್ರು. ಪ್ಯಾಂಟು ಒದ್ದೆ.”

ಶೆಡ್ಡಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಫೋನು ಕಟ್ ಮಾಡಿದ. ಅವಳು ಮತ್ತೆ ಒತ್ತಿದಳು. ಜೇಬು ಮತ್ತೆ ಕುಣಿಯಿತು. ಎತ್ತಿದ, ಬೈದ, ಕಟ್ ಮಾಡಿದ. ಮತ್ತೆ ರಾಗ. ಹರಿದ ಬಟ್ಟೆ ಹೊಲಿಯುವ ಅಜ್ಜಿ ಸೂಜಿಯನ್ನು ತಲೆಗೂದಲಿಗೆ ಸಿಕ್ಕಿಸಿಕೊಂಡು ಕಿಟಕಿಗೆ ಬಂದು, “ಚೆನ್ನಾಗಿದೆ ಕಣಪ್ಪ ಹಾಡು, ಪೂರ್ತಿ ಕೇಳೋಕೆ ಬಿಡು,” ಎಂದಳು.

“ನಂಬರ್ ಹೇಳಕ್ಕಾ,” ಎಂದ ಬಾಯ್ಲರಿನವನು. “ನಾನೂ ಒಂದು ಕೈ ನೋಡ್ತೀನಿ.”

ಈ ಸಲ ರಾಗ ಎದ್ದಾಗ ಮೇಲ್ವಿಚಾರಕ ನೋಡದೆಯೇ ಕಿವಿಗಿಟ್ಟು ಅರಚಿದ. “ಯಾವಳೇ ನೀನು ಮುಂಡೇದೆ, ನಿನ್ನ ಮನೆ ಹಾಳಾಗ.”

“ಮುಂಡೇದು ಅಲ್ಲ ಸ್ವಾಮಿ, ಬಾಯ್ಲರು,” ಎಂದಿತು ಫೋನು. ಕಿಟಕಿಯೂ ಅದನ್ನೇ ಹೇಳಿತು. “ಊಟ ಆಯ್ತಾ?”

ಅವನ ಫೋನು ಬಾಯ್ಲರಿನವನ ಕರೆಯಲ್ಲಿ ಸಿಕ್ಕಿಬಿದ್ದಿದ್ದ ಆ ಗಳಿಗೆಯಲ್ಲಿ ಹೆಂಡತಿ ಮತ್ತೆ ಒತ್ತಿದ ಕರೆ ಮೇಲಕ್ಕೆ ಹೋಯಿತು. ಅವಳ ಕೈಯಲ್ಲಿ ಹೆಣ್ಣು ದನಿಯೊಂದು ಮಾತಾಡಿತು: “ಮೇಲಿನ ಕಚೇರಿ. ನಿಮ್ಮ ಮಾತು ದಾಖಲಾಗ್ತಿದೆ, ಹೇಳಿ.”

ಶೆಡ್ಡಿನ ಉರುಳೆಯನ್ನು ಯಾರೋ ನಿಲ್ಲಿಸಿದರು.

ಹೆಂಡತಿ ಬಾಯಿ ತೆರೆದಳು. ಅಷ್ಟು ಹೊತ್ತು ಹಿಡಿದಿಟ್ಟದ್ದೆಲ್ಲ ನಗೆಯಾಗಿ ಹೊರಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ, ಬಗ್ಗಿ ಬಗ್ಗಿ ನಕ್ಕಳು. ಒಂದು ಅಕ್ಷರ ಹೇಳಲಾಗಲಿಲ್ಲ. ಫೋನನ್ನು ಗಂಡನ ಕಡೆ ಚಾಚಿದಳು.

ಮದುವೆಯಾದಾಗಿನಿಂದ ಅವನು ಫೋನಿನಲ್ಲಿ ‘ಹೂಂ’ ಬಿಟ್ಟು ಬೇರೆ ಹೇಳಿದ್ದು ಕಡಿಮೆ. ಮೇಲ್ವಿಚಾರಕ ಎದುರು ನಿಂತು ತಲೆಯಾಡಿಸಿದ. ಹುಡುಗಿಯತ್ತ ಬೆರಳು ತೋರಿಸಿ, ಆ ಬೆರಳನ್ನು ಬಾಗಿಲ ಕಡೆ ತಿರುಗಿಸಿದ. ದನಿಯಿಲ್ಲದೆ ತುಟಿಯಲ್ಲೇ ಹೇಳಿದ: ನಾಳೆ ಬೆಳಿಗ್ಗೆ.

“ಲಾಂಡ್ರಿ ಹಿಂದಿನ ಮನೆ,” ಎಂದ ಗಂಡ ಫೋನಿಗೆ. ದನಿ ಬೆಡ್‌ಶೀಟಿನ ಹಾಗೆ ಚಪ್ಪಟೆಯಾಗಿತ್ತು. “ನಮ್ಮ ಹುಡುಗಿ ಕಿವಿಯಿಂದ ರಕ್ತ ಬಂದಿದೆ. ನಿಮ್ಮ ಮೇಲ್ವಿಚಾರಕ ಹೊಡೆದ. ಇಲ್ಲೇ ನಿಂತಿದಾನೆ. ಬೇರೆ ಮನೆಗಳಲ್ಲಿ ಆಗಿದ್ದನ್ನೂ ನುಂಗಿದೀನಿ ಅಂತ ಈಗ ತಾನೇ ಹೇಳಿದ. ಇಡೀ ಶೆಡ್ಡು ಕೇಳಿದೆ.”

“ಕೇಳಿದೆ,” ಎಂದಿತು ಶೆಡ್ಡು.

ಆ ಕಡೆ ಕೀಲಿಮಣೆಯ ಟಕಟಕ ಕೇಳಿಸಿತು. ಆಮೇಲೆ, “ಬರ್ಕೊಂಡೆ. ಇನ್ನೇನಾದ್ರೂ ಹೇಳೋದಿದೆಯಾ?”

ಅವನು ತಿರುಗಿ ನೋಡಿದ. ಹುಡುಗಿ ಕಿವಿಗೆ ಒತ್ತಿದ್ದ ಸೆರಗನ್ನು ಬಿಡದೆ ಒಂದು ಕಾಲನ್ನು ಮೆಲ್ಲನೆ ಪಕ್ಕಕ್ಕಿಟ್ಟಳು. ಇನ್ನೊಂದನ್ನೂ ಇಟ್ಟಳು. ನಗುತ್ತಿದ್ದ ಹೆಂಡತಿಯ ಸೆರಗು ಅವಳ ಮೈಗೆ ಒಂದು ಸುತ್ತು ಸುತ್ತಿಕೊಂಡಿತು.

“ಇದೆ,” ಎಂದ. “ಹುಡುಗಿ ಮತ್ತೆ ಸುತ್ತೋಕೆ ಶುರು ಮಾಡಿದಾಳೆ. ಅದನ್ನೂ ಬರ್ಕೊಳ್ಳಿ.”

ಮಗುವನ್ನು ಕರೆದುಕೊಂಡು ಹೋಗಬೇಡಿ ಎಂದು ಅವನು ಹೇಳಲಿಲ್ಲ. ಸ್ವಾಮಿ ಎಂದೂ ಹೇಳಲಿಲ್ಲ.