ನಿಂತು ಕೊಟ್ಟ ಅಳತೆ

ನನ್ನ ಗಂಡನ ಮೀನಖಂಡ ಹಿಡಿದುಕೊಳ್ಳುತ್ತಿದ್ದುದು ದಿನಾ ಸೇತುವೆಯ ಏರಿನಲ್ಲೇ. ಚಳಿ ಶುರುವಾದಾಗಿನಿಂದ ಬ್ರೆಡ್ ಕಾರ್ಖಾನೆಗೆಂದು ಸೈಕಲ್ ಹತ್ತಿ ಹೊರಟವರು, ಅರ್ಧ ದಾರಿಯಲ್ಲಿ ಕಾಲು ಸೆಟೆದುಕೊಂಡು, ಕಂಬಿ ಹಿಡಿದು ಅಯ್ಯಯ್ಯೋ ಎಂದು ನಿಲ್ಲುತ್ತಿದ್ದರಂತೆ. ಅದೂ ನಾನು ಹೊಲಿದುಕೊಟ್ಟ ಬೆಚ್ಚನೆಯ ಪ್ಯಾಂಟು ಹಾಕಿಕೊಂಡು! ಎರಡು ಪದರ ಬಟ್ಟೆ, ಒಳಗೆ ಉಣ್ಣೆ, ಕಾಲಿಗೆ ಅಂಟಿ ಕೂರುವ ಅಳತೆ. ಚಳಿ ನುಸುಳಲು ಒಂದೆಳೆ ಜಾಗ ಬಿಟ್ಟಿರಲಿಲ್ಲ.

ಹೊಟ್ಟೆ ಉರಿಯದೆ ಇರುತ್ತದೆಯೇ? ಗಾರ್ಮೆಂಟ್ಸ್ ಕೆಲಸ ಬಿಟ್ಟು ಸ್ವಂತ ಅಂಗಡಿ ತೆರೆದಿದ್ದೆ. ಸೈಕಲ್ ತುಳಿಯುವವರಿಗೆ ಚಳಿ ಪ್ಯಾಂಟು, ನಾನು ನಂಬಿದ್ದು ಅದೊಂದನ್ನೇ. ಭಾನುವಾರ ಇವರ ಕಾರ್ಖಾನೆಯವರೆಲ್ಲ ನೋಡಲು ಬರುವವರಿದ್ದರು. ಅವರು ಬೇಡವೆಂದರೆ ಮತ್ತೆ ಗಾರ್ಮೆಂಟ್ಸಿನ ಆ ಸೂಪರ್‌ವೈಸರನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಿತ್ತು. ಅಂಥ ಹೊತ್ತಿನಲ್ಲಿ ಪ್ಯಾಂಟು ತೊಟ್ಟ ಮನುಷ್ಯನೇ ಕುಂಟುತ್ತಾ ಕೆಲಸಕ್ಕೆ ಹೋದರೆ?

"ನೀರು ಕುಡೀರಿ ಅಂದ್ರೆ ಕುಡಿಯಲ್ಲ. ಚಳೀಲಿ ಬಾಯಾರಲ್ಲ ಅಂದ್ರೆ ಮೈಗೆ ನೀರೇ ಬೇಡ್ವಾ?" ಎಂದು ರೇಗಿದೆ.

"ಕುಡಿದೆ ಕಣೇ. ದಾರೀಲಿ ಎರಡು ಸಲ ಇಳೀಬೇಕಾಯ್ತು."

ಅತ್ತೆ ಒಳಗಿನಿಂದಲೇ ಮಗನಿಗೆ ಕೂಗಿದರು: "ಹೊರಡೋಕೆ ಮುಂಚೆ ನಾಲ್ಕು ಸುತ್ತು ನಡಿಯೋ! ತಣ್ಣಗಿರೋ ಕಾಲಲ್ಲಿ ಒಂದೇ ಸಲಕ್ಕೆ ತುಳಿದ್ರೆ ಹಿಡೀದೆ ಇನ್ನೇನಾಗತ್ತೆ?"

ನಡೆದರು. ಕಾಲು ಹಿಡಿದಾಗ ಅದರ ಹೆಬ್ಬೆರಳನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದನ್ನೂ ಕಲಿತರು. ಏನು ಮಾಡಿದರೂ ಸೇತುವೆ ಬಿಡಲಿಲ್ಲ. ಪ್ಯಾಂಟು ಹೇಗಿದೆ ಎಂದು ಕೇಳಿದರೆ ಮಾತ್ರ, "ಚಿನ್ನದಂಥ ಪ್ಯಾಂಟು," ಎನ್ನುತ್ತಿದ್ದರು.

ಶನಿವಾರ ನನಗೆ ತಡೆಯಲಾಗಲಿಲ್ಲ. "ಕೊಡಿ ಇಲ್ಲಿ. ನಾನೇ ತುಳಿದು ಬರ್ತೀನಿ, ನಿಮ್ಮ ನಾಟಕ ಬಯಲಾಗ್ಲಿ."

ನಾವಿಬ್ಬರೂ ಒಂದೇ ಗಾತ್ರ. ಅದೇ ಪ್ಯಾಂಟು ಏರಿಸಿ ಸೈಕಲ್ ಹತ್ತಿದೆ. ಏರು ಬಂತು. ಮಂಡಿ ಮಡಚಿದಾಗಲೆಲ್ಲ ಅದರ ಹಿಂಬದಿಗೆ ಬಟ್ಟೆ ಬಿಗಿಯತೊಡಗಿತು. ಒಮ್ಮೆಗೇ ಮೀನಖಂಡ ಕಲ್ಲಾಯಿತು ನೋಡಿ, ಕಂಬಿ ಹಿಡಿದು ಅಯ್ಯಯ್ಯೋ ಎಂದವಳು ನಾನೇ!

ಗಾರ್ಮೆಂಟ್ಸಿನಲ್ಲಿ ಕಲಿತ ಹಾಗೆ ಇವರನ್ನೂ ಕಡ್ಡಿಯಂತೆ ನೆಟ್ಟಗೆ ನಿಲ್ಲಿಸಿ ಅಳೆದಿದ್ದೆ. ಸೈಕಲ್ ಮೇಲೆ ಯಾರು ನೆಟ್ಟಗೆ ನಿಲ್ಲುತ್ತಾರೆ? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸೈಕಲ್ ತಳ್ಳಿಕೊಂಡು, ಕುಂಟುತ್ತಾ ಮನೆಗೆ ಬಂದೆ. ಇವರು ಬಾಗಿಲಲ್ಲೇ ಕಾಯುತ್ತಿದ್ದರು.

"ಗೊತ್ತಿತ್ತಾ ನಿಮಗೆ?"

"ಮೊದಲನೇ ದಿನಾನೇ," ಎಂದರು, ನೆಲ ನೋಡುತ್ತಾ.

"ಮತ್ತೆ ಬಾಯಿಗೇನಾಗಿತ್ತು?"

"ಹೇಳಿದ್ರೆ ನೀನು ಅಂಗಡಿ ಮುಚ್ಚಿ ಮತ್ತೆ ಆ ಸೂಪರ್‌ವೈಸರ್ ಹತ್ರ ಹೋಗ್ತಿದ್ದೆ. ನನ್ನ ಕಾಲುನೋವು ಒಂದು ಗಳಿಗೆ ಕಣೇ."

ಬೈಯಲು ಬಾಯಿ ತೆರೆದೆ, ಅಳು ಬಂತು. ಅಳಿಸಿದ್ದಕ್ಕೂ ಅವರನ್ನೇ ಬೈದೆ.

ಭಾನುವಾರ ಕಾರ್ಖಾನೆಯವರು ಬಂದಾಗ, ಅಂಗಡಿಯ ನಡುಮಧ್ಯೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದೆ. "ಹತ್ತಿ, ತುಳೀರಿ. ನನ್ನ ಅಂಗಡೀಲಿ ಅಳತೆ ತಗೊಳ್ಳೋದೇ ಹೀಗೆ," ಎಂದು ಟೇಪು ಹಿಡಿದು ನಿಂತೆ. ಹಿಟ್ಟು ಕಲಸುವ ದಢೂತಿ ಮನುಷ್ಯ ಮೊದಲು ಹತ್ತಿದ. ಉಳಿದವರು ನಗುನಗುತ್ತಾ ಸಾಲು ನಿಂತರು.

ಸಾಲಿನ ಕೊನೆಯಲ್ಲಿ ನನ್ನ ಗಂಡ.

"ನಿಮಗ್ಯಾಕ್ರೀ ಸಾಲು?"

"ನಂದೂ ಹೊಸ ಅಳತೆ ತಗೋ."

"ಈ ಸಲ ಬಿಗಿಯಾದ್ರೆ?"

"ಹೇಳ್ತೀನಮ್ಮ, ಆಣೆಗೂ ಹೇಳ್ತೀನಿ."

ನಾನು ನಂಬಲಿಲ್ಲ. ಅವರನ್ನು ಹತ್ತಿಸಿ, ಮಂಡಿ ಮಡಚಿಸಿ, ಟೇಪಿನೊಳಗೆ ನನ್ನ ಎರಡು ಬೆರಳು ತೂರಿಸಿಯೇ ಅಳೆದೆ.