ಎತ್ತಿ ಕುಡಿಯುವ ಲೋಟ

ನಾನು ಒಂದು ಹಿತ್ತಾಳೆಯ ಲೋಟ. ನಾಗಮಂಗಲದ ಕಂಚುಗಾರನೊಬ್ಬ ನನ್ನನ್ನು ಬಡಿದು ಮಾಡಿದ. ಅಂಚನ್ನು ಹೊರಕ್ಕೆ ಬಾಗಿಸಿ, ಬೆರಳಾಡಿಸಿ ನೋಡಿ, "ತುಟಿ ಕುಯ್ಯಬಾರ್ದು" ಎಂದು ಇನ್ನೊಮ್ಮೆ ಅರ ಉಜ್ಜಿದ. ನಾನು ತುಟಿಗಾಗಿ ಹುಟ್ಟಿದವನೆಂದುಕೊಂಡೆ.

ಮೈಸೂರಿನ ವಿಶಾಲಾಕ್ಷಮ್ಮನವರ ಮನೆಯಲ್ಲಿ ಯಾರೂ ಲೋಟ ಕಚ್ಚಿ ಕುಡಿಯುತ್ತಿರಲಿಲ್ಲ. ಮುಖ ಮೇಲೆತ್ತಿ, ನೀರನ್ನು ಎತ್ತರದಿಂದ ಬಾಯಿಗೆ ಹುಯ್ದುಕೊಳ್ಳುತ್ತಿದ್ದರು.

ಅವರ ಮಹಡಿ ಬಾಡಿಗೆಗಿತ್ತು. ಯಾರೇ ಕೇಳಿಕೊಂಡು ಬರಲಿ, ಜಗಲಿಯಲ್ಲಿ ಕೂರಿಸಿ ಮೊದಲು ನನ್ನಲ್ಲಿ ನೀರು ಕೊಡುತ್ತಿದ್ದರು.

"ನಾನು ಯಾರನ್ನೂ ಜಾತಿ ಕೇಳೋಳಲ್ಲ," ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. "ಬಾಯಿಬಿಟ್ಟು ಕೇಳೋದು ಮರ್ಯಾದೆಯಲ್ಲ. ಲೋಟ ಕೈಗೆ ಕೊಟ್ರೆ ಸಾಕು, ಅದೇ ಎಲ್ಲಾ ಹೇಳತ್ತೆ."

ಎತ್ತಿ ಕುಡಿದವರಿಗೆ ಮಹಡಿಯ ಮೆಟ್ಟಿಲು ತೋರಿಸುತ್ತಿದ್ದರು. ತುಟಿ ಇಟ್ಟವರಿಗೆ, "ಯೋಚ್ನೆ ಮಾಡಿ ಹೇಳ್ತೀವಿ." ಅವರು ಗೇಟು ದಾಟಿದ ಕೂಡಲೇ ನನ್ನ ಮೈಗೆ ಹುಣಸೆಹಣ್ಣು, ಬೂದಿ. ನಾನು ಬಲ್ಲದ್ದು ಮನೆ ಸಿಗದವರ ತುಟಿಗಳನ್ನು ಮಾತ್ರ. ತುಂಬ ಒಣಗಿರುತ್ತಿದ್ದವು.

ಒಂದು ಸಂಜೆ ಗೇಟಿನ ಮುಂದೆ ಸಾಮಾನು ತುಂಬಿದ ಆಟೋ ನಿಂತಿತು. ಮಾಲಿನಿ ಎಂಬ ಹೆಂಗಸು ಪುಟ್ಟ ಮಗಳೊಂದಿಗೆ ಇಳಿದಳು. ಮನೆ ನಿಶ್ಚಯವಾಗಿದೆ ಎಂದ ದಲ್ಲಾಳಿಯನ್ನು ನಂಬಿ ಹಳೆಯ ಮನೆಯ ಬೀಗದಕೈಯನ್ನು ಬೆಳಿಗ್ಗೆಯೇ ಒಪ್ಪಿಸಿಬಂದಿದ್ದಳು.

"ಕೂತ್ಕೊಳಮ್ಮ. ಯಜಮಾನ್ರು ಬರ್ಲಿಲ್ವಾ?"

"ಹೋದ ವರ್ಷ ತೀರ್ಕೊಂಡ್ರು."

"ಅಯ್ಯೋ," ಎಂದರು ವಿಶಾಲಾಕ್ಷಮ್ಮ. ಒಳಗೆ ಹೋಗಿ ನನ್ನನ್ನು ತುಂಬಿ ತಂದರು.

ಮಾಲಿನಿ ನನ್ನನ್ನು ನೋಡಿದಳು. ಆಮೇಲೆ ಅವರ ಕಣ್ಣನ್ನು. ಇಂಥ ಲೋಟ ಬೇರೆ ಜಗಲಿಗಳಲ್ಲೂ ಅವಳ ಕೈಗೆ ಬಂದಿರಬೇಕು. ಮುಖ ಮೇಲೆತ್ತಿದಳು. ಎತ್ತರದಿಂದ ನಾಲ್ಕು ಗುಟುಕು ಬಾಯಿಗೆ ಹುಯ್ದುಕೊಂಡಳು. ನೀರು ಚೆಲ್ಲಲಿಲ್ಲ.

ವಿಶಾಲಾಕ್ಷಮ್ಮನವರ ಹಣೆಯ ಗೆರೆ ಸಡಿಲವಾಯಿತು.

"ಅಕ್ಕಾ, ಸಾಮಾನು ಇಳಿಸ್ಲಾ? ಕತ್ಲಾಯ್ತಾ ಐತೆ," ಆಟೋದವನು ಕೂಗಿದ.

"ಇಳ್ಸಪ್ಪಾ," ಎಂದರು ವಿಶಾಲಾಕ್ಷಮ್ಮನವರೇ.

ಆಗಲೇ ಮಗು, "ಅಮ್ಮ, ನಂಗೂ," ಎಂದು ನನ್ನನ್ನು ಎರಡೂ ಕೈಯಿಂದ ಕಿತ್ತುಕೊಂಡಿತು. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಗಟಗಟ ಕುಡಿಯತೊಡಗಿತು.

"ಮಗೂಗೆ ಹೇಳ್ಕೊಟ್ಟಿಲ್ವೇನಮ್ಮ?"

ಮಾಲಿನಿಯ ಕೈ ಮೇಲೆದ್ದಿತು. ಬೆನ್ನಿಗೊಂದು ಏಟು ಕೊಟ್ಟು, "ತಪ್ಪು," ಎಂದಿದ್ದರೆ ಸಾಕಿತ್ತು, ಮನೆ ಸಿಗುತ್ತಿತ್ತು. ಮಗುವಿಗೆ ಏನೂ ಗೊತ್ತಿರಲಿಲ್ಲ. ಅದಕ್ಕೆ ಬಾಯಾರಿತ್ತು.

ಕೈ ಕೆಳಗಿಳಿಯಿತು. ಮಗು ಉಳಿಸಿದ್ದ ನೀರನ್ನು ಮಾಲಿನಿ ತುಟಿ ಇಟ್ಟು ಕುಡಿದಳು.

"ನಮ್ಮನೇಲಿ ಹೀಗೇ ಕುಡಿಯೋದು."

ವಿಶಾಲಾಕ್ಷಮ್ಮ ನನ್ನನ್ನು ವಾಪಸು ಪಡೆಯಲಿಲ್ಲ. "ಆ ಲೋಟಾನೂ ತಗೊಂಡ್ಹೋಗಮ್ಮ. ಇನ್ನು ಒಳಗೆ ತರೋ ಹಾಗಿಲ್ಲ."

ಆಟೋದವನು ಇಳಿಸಿದ್ದ ಚಾಪೆಯನ್ನು ಮತ್ತೆ ಏರಿಸಿದ. "ಎಲ್ಲಿಗಕ್ಕ?"

ಮಾಲಿನಿ ಮಗುವನ್ನು ಹತ್ತಿಸಿ ತಾನೂ ಕುಳಿತಳು. ಅವನು ತಿರುಗಿ ಒಮ್ಮೆ ಅವಳ ಮುಖ ನೋಡಿ, ತನ್ನ ಅಕ್ಕನ ಮನೆಯ ಕಡೆ ಆಟೋ ತಿರುಗಿಸಿದ. ಮಗು ನನ್ನನ್ನು ಮಡಿಲಲ್ಲಿ ಇಟ್ಟುಕೊಂಡಿತ್ತು.

ಆಮೇಲೆ ಎಷ್ಟೋ ಬಾಡಿಗೆ ಮನೆಗಳು. ಕೊನೆಗೆ ಅವಳದೇ ಒಂದು ಸಣ್ಣ ಮನೆ. ನನ್ನ ಕಲಾಯಿ ಹೋಗಿದೆ, ಸೊಂಟ ನೆಗ್ಗಿದೆ. ಅಡುಗೆಮನೆಯ ಕಿಟಕಿಯ ಮೂಲೆಯಲ್ಲಿರುತ್ತೇನೆ.

ಮೊನ್ನೆ ಹಿತ್ತಲ ಕೋಣೆಯನ್ನು ಕೇಳಿಕೊಂಡು ಒಬ್ಬ ಹುಡುಗಿ ಬಂದಳು. ಮಾಲಿನಿ ನನ್ನನ್ನು ತೊಳೆದು ನೀರು ತುಂಬಿದಾಗ ನನಗೆ ಭಯವಾಯಿತು. ಆ ಜಗಲಿ ನೆನಪಾಯಿತು.

ಮಾಲಿನಿ ಲೋಟ ಕೊಟ್ಟಳು. ನಿಂತು ನೋಡಲಿಲ್ಲ. ಕೋಣೆಯ ಬೀಗದಕೈ ತರಲು ಒಳಗೆ ಹೋದಳು.

ಆ ಹುಡುಗಿ ಹೇಗೆ ಕುಡಿದಳೆಂದು ನಾನು ಯಾರಿಗೂ ಹೇಳುವುದಿಲ್ಲ.